ಹಣೆಬರಹದ ಹಿಂದೆ

ನಾನು ಚಿಕ್ಕವನಾಗಿದ್ದಾಗ ನಮ್ಮ ಅಜ್ಜಿ ಒಂದು ಮಾತನ್ನು ಹೇಳುತ್ತಿದ್ದಳು. ಮಗು ಹುಟ್ಟಿದ ಆರನೆಯ ರಾತ್ರಿ ಬ್ರಹ್ಮನು ಯಾರಿಗೂ ಕಾಣದಂತೆ ಬಂದು ಅದರ ತಲೆಯೋಡಿನ ಮೇಲೆ ಆಯುಷ್ಯವನ್ನೂ ಅನ್ನವನ್ನೂ ಬರೆದು ಹೋಗುತ್ತಾನಂತೆ. ಬರಹವು ಚರ್ಮದ ಕೆಳಗೆ ಇರುವುದರಿಂದ ಬದುಕಿರುವವರಾರೂ ಅದನ್ನು ಓದಲಾರರು. ಸುಡುಗಾಡಿನಲ್ಲಿ ಬಿದ್ದ ಬುರುಡೆಯ ಮೇಲೆ ಮಾತ್ರ ಅದು ಕಾಣುವುದು. ಆ ವೇಳೆಗೆ ಓದಿ ಪ್ರಯೋಜನವೇನು? ನಾನು ಮೇಷ್ಟರಾದ ಮೇಲೆ ಬುರುಡೆಯ ಮೇಲಿನ ಆ ಅಂಕುಡೊಂಕಾದ ಗೆರೆಗಳು ಯಾವ ಲಿಪಿಯೂ ಅಲ್ಲವೆಂದೂ, ಮೂಳೆಗಳು ಒಂದನ್ನೊಂದು ಕೂಡುವ ಹೊಲಿಗೆಗಳೆಂದೂ, ಶಿಶುವಿನ ಮೆದುಳು ಬೆಳೆಯುವುದಕ್ಕೆ ಎಡೆಗೊಡುವುದಕ್ಕಾಗಿ ಅವು ಕೆಲವು ಕಾಲ ಸಡಿಲವಾಗಿರುವುವೆಂದೂ ತಿಳಿದುಕೊಂಡೆನು. ತಿಳಿದುಕೊಂಡೆನೇ ಹೊರತು ಅಜ್ಜಿಯ ಮಾತು ಮನಸ್ಸಿನಿಂದ ಹೋಗಲಿಲ್ಲ. ಓಡಿನ ಮೇಲೆ ಬರಹವಿಲ್ಲದಿದ್ದರೆ ಇಲ್ಲ; ಓಡಿನ ಒಳಗೆ ಏನೋ ಒಂದು ಬರಹವುಂಟೆಂದು ನನ್ನ ಮನೆಯಲ್ಲಿಯೇ ಎರಡು ಸಲ ಕಂಡದ್ದಾಯಿತು. ಒಂದು ನನ್ನ ತಮ್ಮನದು. ಇನ್ನೊಂದು ನನ್ನದು.

ಈ ವಿಷಯವನ್ನು ಕುರಿತು ಬರೆಯಲು ನಾನು ವೈದ್ಯನಲ್ಲ. ಯಲಹಂಕದ ಒಂದು ಶಾಲೆಯಲ್ಲಿ ಮೂವತ್ತು ವರ್ಷಗಳಿಗೂ ಮಿಕ್ಕಿ ಗಣಿತವನ್ನು ಹೇಳಿಕೊಟ್ಟು ವಿಶ್ರಾಂತಿ ಪಡೆದವನು. ಆದರೆ ನಮ್ಮ ತಾಯಿ ನನ್ನನ್ನು ಒಂದು ಪ್ರಶ್ನೆ ಕೇಳಿದಳು. ಅದಕ್ಕೆ ಉತ್ತರ ಹುಡುಕುವುದಕ್ಕೋಸ್ಕರ ನಾನು ಓದತೊಡಗಿದೆನು. ಓದಿದ್ದನ್ನೂ ಕಂಡದ್ದನ್ನೂ ನಮ್ಮ ಸಂಘದ ವಾಚಕರ ಮುಂದೆ ಇಡುವುದು ತಪ್ಪಾಗಲಾರದೆಂದು ನಂಬಿದ್ದೇನೆ.

ನನ್ನ ತಮ್ಮನು ಓದಿನಲ್ಲಿ ನನಗಿಂತ ಹಿಂದೆ, ಬದುಕಿನಲ್ಲಿ ನನಗಿಂತ ಮುಂದೆ. ಯಲಹಂಕಕ್ಕೂ ದೊಡ್ಡಬಳ್ಳಾಪುರಕ್ಕೂ ನಡುವೆ ನಮ್ಮ ಹಿರಿಯರು ಬಿಟ್ಟುಹೋದ ತುಂಡು ಜಮೀನಿನಲ್ಲಿ ಚಪ್ಪರ ಹಾಕಿ ದ್ರಾಕ್ಷಿಯನ್ನು ಬೆಳೆಯುತ್ತಿದ್ದನು. ನಮ್ಮ ಸೀಮೆಯ ಆ ಕಪ್ಪುನೀಲಿ ದ್ರಾಕ್ಷಿಗೆ, 'ಬೆಂಗಳೂರು ಬ್ಲೂ' ಎಂಬುದಕ್ಕೆ, 2013ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ಬಂದಾಗ ತನಗೇ ಬಿರುದು ಬಂದಂತೆ ಮನೆಮನೆಗೆ ಹಣ್ಣು ಹಂಚಿದ್ದನು. 2016ರ ಬೇಸಗೆಯಲ್ಲಿ ಒಂದು ದಿನ ಬಳ್ಳಿ ಸವರುತ್ತಿದ್ದವನು ಆಳಿನ ಕಡೆಗೆ ಕೈಚಾಚಿ, "ಅದು ಕೊಡೋ, ಅದು..." ಎಂದು ನಿಂತುಬಿಟ್ಟನು. ಬೇಕಾದದ್ದು ಕತ್ತರಿ. ಇಪ್ಪತ್ತೈದು ವರ್ಷ ಕೈಯಲ್ಲಿ ಹಿಡಿದ ವಸ್ತುವಿನ ಹೆಸರು ಬಾಯಿಗೆ ಬರಲಿಲ್ಲ. ಎಲ್ಲರೂ ನಕ್ಕರು, ಆತನೂ ನಕ್ಕನು. ಅನಂತರ ಬೆಳಗಿನ ಜಾವದ ತಲೆನೋವು ಆರಂಭವಾಯಿತು. ಮೊದಲು ನೋಡಿದ ವೈದ್ಯರು ಪಿತ್ತವೆಂದರು. ಎರಡನೆಯವರು ಕನ್ನಡಕವನ್ನು ಬರೆದುಕೊಟ್ಟರು. ನಮ್ಮ ತಾಯಿ ಒಂದು ತಾಯಿತವನ್ನು ಕಟ್ಟಿಸಿದಳು. ಹೀಗೆ ಎರಡು ತಿಂಗಳು ಕಳೆದುವು. ಯಾರನ್ನೂ ದೂರಲು ನನಗೆ ಮನಸ್ಸಿಲ್ಲ. ತಲೆನೋವೆಂದು ಬರುವವರಲ್ಲಿ ಬಹುಪಾಲು ಜನರಿಗೆ ಅದು ತಲೆನೋವೇ ಹೊರತು ಬೇರೆಯಲ್ಲ. ಆ ಎರಡು ತಿಂಗಳು ಮೊದಲೇ ತಿಳಿದಿದ್ದರೆ ಏನಾಗುತ್ತಿತ್ತೆಂಬ ಲೆಕ್ಕವನ್ನು ನಾನು ಎಷ್ಟೋ ರಾತ್ರಿ ಮಾಡಿದ್ದೇನೆ. ಬಹಳವೇನೂ ಆಗುತ್ತಿರಲಿಲ್ಲವೆಂಬುದೇ ಉತ್ತರವಾಗಿ ಬರುತ್ತದೆ. ಜುಲೈ ತಿಂಗಳಲ್ಲಿ ತೋಟದಲ್ಲಿಯೇ ಆತನಿಗೆ ಫಿಟ್ಸು ಬಂದು ಬಿದ್ದಾಗ ಸ್ಕ್ಯಾನ್ ಮಾಡಿಸಿದೆವು.

ತಲೆಯನ್ನು ತೆರೆಯದೆ ಅದರ ಒಳಗನ್ನು ನೋಡುವುದು ಹಳೆಯ ವಿದ್ಯೆಯೇನೂ ಅಲ್ಲ. ಸಾಮಾನ್ಯ ಕ್ಷಕಿರಣಕ್ಕೆ ಮೂಳೆ ಕಾಣುವುದೇ ಹೊರತು ಮೆದುಳು ಕಾಣುವುದಿಲ್ಲ. 1918ರಲ್ಲಿ ಅಮೆರಿಕದ ವಾಲ್ಟರ್ ಡ್ಯಾಂಡಿ ಎಂಬ ಶಸ್ತ್ರವೈದ್ಯನು ಮೆದುಳಿನ ಒಳಕೋಣೆಗಳ ನೀರನ್ನು ತೆಗೆದು ಗಾಳಿಯನ್ನು ತುಂಬಿ, ಆ ಗಾಳಿಯ ನೆರಳನ್ನು ನೋಡಿ ಗೆಡ್ಡೆ ಎಲ್ಲಿದೆಯೆಂದು ಊಹಿಸಿದನು. 1927ರಲ್ಲಿ ಲಿಸ್ಬನ್ನಿನ ಈಗಾಸ್ ಮೋನಿಸ್ ಎಂಬವನು ಕತ್ತಿನ ರಕ್ತನಾಳಕ್ಕೆ ಬಣ್ಣದ ದ್ರವವನ್ನು ಹೊಗಿಸಿ ಮೆದುಳಿನ ನಾಳಗಳನ್ನು ಚಿತ್ರದಲ್ಲಿ ಹಿಡಿದನು. ಎರಡೂ ರೋಗಿಗೆ ಮಹಾಸಂಕಟ. 1971ರಲ್ಲಿ ಲಂಡನ್ನಿನಲ್ಲಿ ಹೌನ್ಸ್‌ಫೀಲ್ಡನ ಯಂತ್ರವು ಮೊದಲನೆಯ ರೋಗಿಯ ತಲೆಯನ್ನು ಪದರ ಪದರವಾಗಿ ತೋರಿಸಿತು. ಅಂದರೆ ನಾನು ಪ್ರಾಥಮಿಕ ಶಾಲೆಯನ್ನು ಮುಗಿಸುವ ಕಾಲದವರೆಗೂ ಲೋಕದಲ್ಲಿ ಯಾವ ರಾಜನಿಗೂ ಲಭಿಸದಿದ್ದ ನೋಟವು ಯಲಹಂಕದ ದ್ರಾಕ್ಷಿ ಬೆಳೆಗಾರನಿಗೆ ಒಂದು ಮಧ್ಯಾಹ್ನದಲ್ಲಿ ಲಭಿಸಿತು. ಬೆಳಕಿನ ಹಲಗೆಯ ಮೇಲೆ ಡಾಕ್ಟರು ಚಿತ್ರವನ್ನಿಟ್ಟರು. ಎಡಗಡೆಯ ಮುಂಭಾಗದಲ್ಲಿ, ಮಾತಿನ ಸ್ಥಾನಕ್ಕೆ ತಗಲಿಕೊಂಡಂತೆ, ನಿಂಬೆಹಣ್ಣಿನ ಗಾತ್ರದ ಒಂದು ಬಿಳಿಯ ಉಂಗುರವಿದ್ದಿತು.

"ಇದು ಗೆಡ್ಡೆ, ಮೇಷ್ಟ್ರೇ" ಎಂದರು ಡಾಕ್ಟರು. "ತೆಗೆಯುತ್ತೇವೆ. ಆದರೆ ಪೂರ್ತಿಯಾಗಿ ತೆಗೆದೆವೆಂದು ಹೇಳುವ ಹಾಗಿಲ್ಲ."

ನಾನು ಏಕೆಂದು ಕೇಳುವುದಕ್ಕೆ ಮೊದಲೇ ನನ್ನ ತಮ್ಮನು, "ಕೊನ್ನಾರಿ ಗೆಡ್ಡೆ ಇದ್ದ ಹಾಗೆ ಅನ್ನಿ ಸಾರ್. ಮೇಲೆ ಕಿತ್ತರೆ ಕೆಳಗೆ ಉಳಿಯುತ್ತೆ" ಎಂದನು. ಡಾಕ್ಟರು ಸ್ವಲ್ಪ ಹೊತ್ತು ಆತನ ಮುಖವನ್ನೇ ನೋಡಿ, "ಅದೇ" ಎಂದರು. ಹೊಲದಲ್ಲಿ ಕೊನ್ನಾರಿಯನ್ನು ಕಿತ್ತು ಸೋತವರಿಗೆ ಈ ರೋಗವನ್ನು ಬೇರೆಯಾಗಿ ವಿವರಿಸಬೇಕಾದದ್ದಿಲ್ಲ. ಮೆದುಳಿನ ಹೊದಿಕೆಯಿಂದ ಹುಟ್ಟುವ ಗೆಡ್ಡೆಗಳು ಕೆಲವು ಉಂಟು. ಅವು ಬಹುಮಟ್ಟಿಗೆ ಹಲಸಿನ ಬೀಜದಂತೆ ಬೇರೆಯಾಗಿ ನಿಲ್ಲುವುವು, ತೆಗೆದರೆ ತೀರಿತು. ಆದರೆ ಮೆದುಳಿನ ಪೋಷಕ ಕಣಗಳಿಂದಲೇ ಹುಟ್ಟುವ 'ಗ್ಲಯೋಮ' ಎಂಬ ಜಾತಿ ಹಾಗಲ್ಲ. ಅದಕ್ಕೆ ಅಂಚಿಲ್ಲ; ಒಂದೊಂದೇ ಕಣವು ಆರೋಗ್ಯದ ಮೆದುಳಿನೊಳಕ್ಕೆ ನುಸುಳಿಕೊಂಡು ಹೋಗಿರುತ್ತದೆ. 1884ರಲ್ಲಿ ಲಂಡನ್ನಿನ ರಿಕ್ಮನ್ ಗಾಡ್ಲೀ ಎಂಬವನು ಇಂತಹ ಗೆಡ್ಡೆಯನ್ನು ಮೊಟ್ಟಮೊದಲು ತೆಗೆದಂದಿನಿಂದ ಇಂದಿನವರೆಗೆ ಶಸ್ತ್ರವೈದ್ಯರು ಹೋರಾಡುತ್ತಿರುವುದು ಕಣ್ಣಿಗೆ ಕಾಣುವ ಗೆಡ್ಡೆಯೊಡನೆ ಅಲ್ಲ; ಕಾಣದೆ ಉಳಿಯುವ ಬೇರಿನೊಡನೆ.

ಶಸ್ತ್ರಕ್ರಿಯೆಯನ್ನು ಆತನಿಗೆ ಎಚ್ಚರವಿರುವಂತೆಯೇ ಮಾಡಿದರು. ಇದನ್ನು ಕೇಳಿ ನಮ್ಮ ತಾಯಿ ನಡುಗಿಹೋದಳು. ಆದರೆ ಲೋಕದ ನೋವನ್ನೆಲ್ಲ ಅರಿಯುವ ಮೆದುಳಿಗೆ ತನ್ನ ನೋವು ತಿಳಿಯುವುದಿಲ್ಲವೆಂಬುದು ಸೃಷ್ಟಿಯ ವಿಚಿತ್ರ. ತಲೆಯ ಚರ್ಮವನ್ನು ಮರಗಟ್ಟಿಸಿದರೆ ಸಾಕು. ಕೆನಡ ದೇಶದ ಮಾಂಟ್ರಿಯಲ್ಲಿನಲ್ಲಿ ವೈಲ್ಡರ್ ಪೆನ್‌ಫೀಲ್ಡ್ ಎಂಬ ಪ್ರಸಿದ್ಧ ಶಸ್ತ್ರವೈದ್ಯನು ಈ ಕ್ರಮವನ್ನು ಬೆಳೆಸಿದನು: ಮೆದುಳಿನ ಮೇಲ್ಮೈಯನ್ನು ಅತಿಸೂಕ್ಷ್ಮವಾದ ವಿದ್ಯುತ್ತಿನಿಂದ ಮುಟ್ಟುತ್ತ ಬಂದು, ಎಲ್ಲಿ ಮುಟ್ಟಿದಾಗ ರೋಗಿಯ ಮಾತು ತಡೆಯುವುದೋ ಅಲ್ಲಿ ಕತ್ತಿಯನ್ನು ಇಡಕೂಡದು. ಆತನ ಬಳಿ ಕಲಿತುಬಂದ ಡಾ. ಜೇಕಬ್ ಚಾಂಡಿಯವರು 1949ರಲ್ಲಿ ವೆಲ್ಲೂರಿನಲ್ಲಿ ನಮ್ಮ ದೇಶದ ಮೊದಲನೆಯ ನರಶಸ್ತ್ರವೈದ್ಯ ವಿಭಾಗವನ್ನು ಆರಂಭಿಸಿದರು. ಮರುವರ್ಷ ಮದರಾಸಿನಲ್ಲಿ ಡಾ. ಬಿ. ರಾಮಮೂರ್ತಿಯವರು ಆರಂಭಿಸಿದರು. ಬೆಂಗಳೂರಿನಲ್ಲಿ ಹಳೆಯ ಮಾನಸಿಕ ಆಸ್ಪತ್ರೆಯೂ 1954ರಲ್ಲಿ ಸ್ಥಾಪಿತವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ ಕೂಡಿ 1974ರಲ್ಲಿ ನಿಮ್ಹಾನ್ಸ್ ಆದಾಗ ಅದರ ಮೊದಲನೆಯ ನಿರ್ದೇಶಕರಾದ ಡಾ. ಆರ್. ಎಂ. ವರ್ಮ ಅವರೂ ಈ ಶಾಸ್ತ್ರದವರೇ. ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ದೀಪ ಹಚ್ಚಿಕೊಂಡು ಬಂದಂತೆ ಈ ವಿದ್ಯೆ ನಮ್ಮ ಊರಿಗೆ ಬಂದಿತು.

ಎಚ್ಚರವಾಗಿದ್ದ ನನ್ನ ತಮ್ಮನಿಗೆ ಒಂದೊಂದೇ ಚಿತ್ರವನ್ನು ತೋರಿಸಿ ಹೆಸರು ಕೇಳುತ್ತಿದ್ದರಂತೆ. ಹಸು, ಮಂಚ, ಬಾಳೆಹಣ್ಣು ಎಲ್ಲವೂ ಸರಿಯಾಗಿ ಬಂದುವು. ಛತ್ರಿಯ ಚಿತ್ರ ಬಂದಾಗ ಆತನು "ಕೊಡೆ" ಎಂದನು. ಚಿತ್ರ ತೋರಿಸುತ್ತಿದ್ದ ಹುಡುಗಿ ಬೇರೆ ಸೀಮೆಯವಳು. 'ಕೊಡು' ಎಂದು ಏನನ್ನೋ ಕೇಳುತ್ತಿದ್ದಾನೆ, ಮಾತು ತಪ್ಪಿತು ಎಂದುಕೊಂಡು ಶಸ್ತ್ರವೈದ್ಯರಿಗೆ ಕೂಗಿ ಹೇಳಿದಳು. ಅವರು ಕೈಯನ್ನು ತಡೆದು ನಿಂತರು. ಆಗ ನನ್ನ ತಮ್ಮನು ತೆರೆದ ತಲೆಯಲ್ಲಿಯೇ, "ತಪ್ಪಲ್ಲಮ್ಮ, ನಮ್ಮ ಕಡೆ ಅದನ್ನು ಕೊಡೆ ಅಂತಾರೆ" ಎಂದು ಪಾಠ ಹೇಳಿದನಂತೆ. ಕೋಣೆಯಲ್ಲಿದ್ದವರೆಲ್ಲ ನಕ್ಕರೆಂದು ಡಾಕ್ಟರು ಆಮೇಲೆ ನನಗೆ ಹೇಳಿದರು. ನಗುವ ಮಾತೇ ನಿಜ. ಆದರೆ ಅದರಲ್ಲಿ ಒಂದು ಶಾಸ್ತ್ರವಿಷಯವೂ ಉಂಟು. ಎರಡು ಭಾಷೆ ಬಲ್ಲವರ ಮೆದುಳಿನಲ್ಲಿ ಆ ಭಾಷೆಗಳ ಸ್ಥಾನಗಳು ಪೂರ್ತಿಯಾಗಿ ಒಂದೇ ಆಗಿರುವುದಿಲ್ಲವೆಂದು 1978ರಲ್ಲಿಯೇ ಓಜಮನ್ ಮತ್ತು ವಿಟೇಕರ್ ಎಂಬ ವಿದ್ವಾಂಸರು ತೋರಿಸಿದ್ದಾರೆ. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ, ಮಂಡಿಯಲ್ಲಿ ತಮಿಳು ಆಡುವ ನಮ್ಮ ಊರಿನವರ ತಲೆಯಲ್ಲಿ ಕತ್ತಿಯಾಡಿಸುವ ವೈದ್ಯನು ಎಷ್ಟು ಭಾಷೆಗಳಿಗೆ ಅಂಜಬೇಕು!

ಶಸ್ತ್ರಕ್ರಿಯೆಯ ಹಿಂದಿನ ಸಂಜೆ ಒಬ್ಬ ತರುಣ ವೈದ್ಯರು ಒಂದು ಕಾಗದವನ್ನು ತಂದರು. ತೆಗೆದ ಗೆಡ್ಡೆಯಲ್ಲಿ ಪರೀಕ್ಷೆಗೆ ಬೇಕಾದಷ್ಟನ್ನು ಉಪಯೋಗಿಸಿ, ಮಿಕ್ಕದ್ದನ್ನು ಸಂಶೋಧನೆಗೆ ಇಟ್ಟುಕೊಳ್ಳಲು ಒಪ್ಪಿಗೆಯೇ ಎಂಬ ಕಾಗದವದು. ಒಪ್ಪದಿದ್ದರೆ ಚಿಕಿತ್ಸೆಯಲ್ಲಿ ಯಾವ ಕೊರತೆಯೂ ಇಲ್ಲವೆಂದು ವಿವರಿಸಿದರು. ನನ್ನ ತಮ್ಮನು, "ಇದರಿಂದ ನನಗೆ ಗುಣವಾಗುತ್ತದೆಯೆ?" ಎಂದು ಕೇಳಿದನು. ಆ ತರುಣರು ಸುಳ್ಳು ಹೇಳಲಿಲ್ಲ. "ನಿಮಗಾಗುವುದೆಂದು ನಾನು ಹೇಳಲಾರೆ. ಮುಂದೆ ಯಾರಿಗಾದರೂ ಆಗಬಹುದು" ಎಂದರು. ನಮ್ಮ ತಾಯಿಗೆ ಇದು ಹಿಡಿಸಲಿಲ್ಲ. ಮಗನ ತಲೆಯಿಂದ ತೆಗೆದದ್ದು ಸೀಸೆಯಲ್ಲಿ ಪರರ ಕೈಯಲ್ಲಿರುವುದು ಆಕೆಗೆ ಅಮಂಗಳವಾಗಿ ತೋರಿತು. ತಮ್ಮನು ಆಕೆಯ ಕೈಯನ್ನು ಹಿಡಿದುಕೊಂಡು, "ತೋಟದ ಮಣ್ಣನ್ನು ಹೆಬ್ಬಾಳಕ್ಕೆ ಪರೀಕ್ಷೆಗೆ ಕೊಟ್ಟುಬರುವುದಿಲ್ಲವೇನಮ್ಮ? ಹಾಗೇ ಇದೂ" ಎಂದು ರುಜು ಮಾಡಿಬಿಟ್ಟನು. ಆತನ ರುಜುವಿನಲ್ಲಿ ಒಂದು ಅಕ್ಷರ ಬಿಟ್ಟುಹೋಗಿದ್ದಿತು. ಅದನ್ನು ನಾನು ಕಂಡೆನು; ಆತನಿಗೆ ಹೇಳಲಿಲ್ಲ.

ಗೆಡ್ಡೆಯು ಈ ಜಾತಿಯಲ್ಲಿ ಅತ್ಯಂತ ಕ್ರೂರವಾದದ್ದೆಂದು, 'ಗ್ಲಯೋಬ್ಲಾಸ್ಟೋಮ' ಎಂದು, ಪರೀಕ್ಷೆಯಿಂದ ತಿಳಿಯಿತು. ಕಿರಣಚಿಕಿತ್ಸೆಯೂ ಟೆಮೋಜೋಲಮೈಡ್ ಎಂಬ ಮಾತ್ರೆಯೂ ನಡೆದುವು. ಈ ಮಾತ್ರೆಯ ಗುಣವನ್ನು ಸ್ಥಾಪಿಸಿದ್ದು 2005ರಲ್ಲಿ ಪ್ರಕಟವಾದ ಒಂದು ಪರೀಕ್ಷೆ. 573 ರೋಗಿಗಳನ್ನು ಎರಡು ಗುಂಪಾಗಿ ಮಾಡಿ ನೋಡಿದರು. ಕಿರಣ ಮಾತ್ರ ಪಡೆದವರ ಮಧ್ಯಮ ಆಯುಷ್ಯ 12.1 ತಿಂಗಳು, ಕಿರಣದೊಡನೆ ಮಾತ್ರೆಯನ್ನೂ ಪಡೆದವರದು 14.6 ತಿಂಗಳು. ಮಧ್ಯಮವೆಂದರೆ ಅರ್ಧ ಜನರು ಅದಕ್ಕೆ ಮೊದಲು, ಅರ್ಧ ಜನರು ಅದಕ್ಕೆ ಆಮೇಲೆ ಎಂದರ್ಥ. ಈ ಪಾಠವನ್ನು ನಾನು ನೂರಾರು ಮಕ್ಕಳಿಗೆ ಪರೀಕ್ಷೆಯ ಅಂಕಗಳನ್ನು ಇಟ್ಟುಕೊಂಡು ಹೇಳಿಕೊಟ್ಟಿದ್ದೆನು. ಎರಡೂವರೆ ತಿಂಗಳ ವ್ಯತ್ಯಾಸ ಕಾಗದದ ಮೇಲೆ ಎಷ್ಟು ಚಿಕ್ಕದು! ಆ ಎರಡೂವರೆ ತಿಂಗಳಲ್ಲಿ ನನ್ನ ತಮ್ಮನು ಮಗಳ ಮದುವೆಯ ಮಾತುಕತೆಯನ್ನು ಮುಗಿಸಿದನು. 2017ರ ನವೆಂಬರಿನಲ್ಲಿ, ಶಸ್ತ್ರಕ್ರಿಯೆಯಾದ ಹದಿನೈದನೆಯ ತಿಂಗಳಿನಲ್ಲಿ, ತೀರಿಕೊಂಡನು. ಕೊನೆಯ ವಾರಗಳಲ್ಲಿ ಕನ್ನಡ ಹೋಯಿತು. ತೆಲುಗಿನ ನಾಲ್ಕು ಮಾತು ಉಳಿದಿದ್ದುವು. ತಾಯಿಯೊಡನೆ ಆಡುವುದಕ್ಕೆ ಅಷ್ಟು ಸಾಕಾಗಿತ್ತು.

ವರ್ಷಾಬ್ದಿಕವಾದ ಮೇಲೆ ಒಂದು ಸಂಜೆ ನಮ್ಮ ತಾಯಿ ಹೂ ಕಟ್ಟುತ್ತ ಕುಳಿತವಳು ಇದ್ದಕ್ಕಿದ್ದಂತೆ, "ಅವನು ಕೊಟ್ಟನಲ್ಲ, ಅದರಿಂದ ಏನಾದರೂ ತಿಳಿಯಿತೇನಪ್ಪಾ?" ಎಂದು ನನ್ನನ್ನು ಕೇಳಿದಳು. ನಾನು ಉತ್ತರ ಹೇಳಲಾರದೆ ಹೋದೆನು.

ಆತನ ಗೆಡ್ಡೆಯ ತುಣುಕಿಗೆ ಹೆಸರು ಹೋಗಿ ಒಂದು ಸಂಖ್ಯೆ ಬಂದಿರುತ್ತದೆ. ಅದು ಯಾವ ಮೇಜನ್ನು ಸೇರಿತೆಂದು ಕೇಳುವುದು ಕ್ರಮವಲ್ಲ. ಆದರೆ ಇಂತಹ ತುಣುಕುಗಳಿಂದ ಏನು ತಿಳಿಯಿತೆಂಬುದನ್ನು ಓದಬಹುದಷ್ಟೆ. ಓದುತ್ತ ಹೋದಾಗ ನನಗೆ ಮೊದಲು ಆಶ್ಚರ್ಯವಾದದ್ದು ಇದು: ನಾನು ನೂರಾರು ಸಲ ಬಸ್ಸಿನಲ್ಲಿ ಹಾದುಹೋದ ಯಶವಂತಪುರದ ಮಗ್ಗುಲಿನಲ್ಲಿಯೇ ಈ ಕೆಲಸ ನಡೆದಿತ್ತು. ಮೈಸೂರು ಸಂಸ್ಥಾನವು ಕೊಟ್ಟ 371 ಎಕರೆ ಭೂಮಿಯಲ್ಲಿ 1909ರಲ್ಲಿ ಸ್ಥಾಪಿತವಾದ ಭಾರತೀಯ ವಿಜ್ಞಾನ ಸಂಸ್ಥೆಯನ್ನು ನಮ್ಮವರು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುತ್ತಾರೆ. ಅಲ್ಲಿನ ಪ್ರೊ. ಕುಮಾರವೇಲ್ ಸೋಮಸುಂದರಂ ಅವರೂ, ನಿಮ್ಹಾನ್ಸಿನ ರೋಗಶಾಸ್ತ್ರಜ್ಞೆ ಡಾ. ವಾಣಿ ಸಂತೋಷ್, ಶಸ್ತ್ರವೈದ್ಯ ಡಾ. ಅರಿವಳಗನ್ ಮೊದಲಾದವರೂ ಕೂಡಿ, ಗ್ಲಯೋಬ್ಲಾಸ್ಟೋಮದ ತುಣುಕುಗಳಲ್ಲಿ ಯಾವ ಯಾವ ವಂಶಾಣುಗಳು ಎಷ್ಟೆಷ್ಟು ಕೆಲಸಮಾಡುತ್ತಿವೆಯೆಂದು ಅಳೆದರು. ಮನುಷ್ಯನಲ್ಲಿ ಇಂತಹ ವಂಶಾಣುಗಳು ಇಪ್ಪತ್ತು ಸಾವಿರದ ಸುಮಾರು. ಅವುಗಳಲ್ಲಿ ಹದಿನಾಲ್ಕನ್ನು ಆರಿಸಿ, ಅವುಗಳ ಏರಿಳಿತದಿಂದ ಯಾವ ರೋಗಿಯು ಬೇಗ ಹೋಗುವನು, ಯಾವನು ಸ್ವಲ್ಪ ಹೆಚ್ಚು ಕಾಲ ಇರುವನು ಎಂಬುದನ್ನು ವಿಂಗಡಿಸಬಹುದೆಂದು 2013ರಲ್ಲಿ ಪ್ರಕಟಿಸಿದರು. ಬೇರೆ ದೇಶದ ರೋಗಿಗಳ ಲೆಕ್ಕದೊಡನೆಯೂ ತಾಳೆ ನೋಡಿದರು. ಹೊಸೂರು ರಸ್ತೆಯ ಶಸ್ತ್ರಶಾಲೆಯೂ ಯಶವಂತಪುರದ ಕಡೆಯ ಪ್ರಯೋಗಶಾಲೆಯೂ ಕೈಕೂಡಿಸಿ ಮಾಡಿದ ಕೆಲಸವಿದು. ಊರಿನ ಒಂದು ತುದಿಯಲ್ಲಿ ಒಬ್ಬನ ತಲೆಯಿಂದ ತೆಗೆದದ್ದನ್ನು ಕೆಡುವ ಮುಂಚೆ ಶೀತದಲ್ಲಿ ಹುದುಗಿಸಿಟ್ಟು ಇನ್ನೊಂದು ತುದಿಯಲ್ಲಿ ಓದುತ್ತಾರೆ. ಅಜ್ಜಿ ಹೇಳಿದ ಬರಹ ಇದೇ ಎಂದು ನನಗೆ ತೋರಿತು. ಬ್ರಹ್ಮನ ಅಕ್ಷರ ಹದಿನಾಲ್ಕಾದರೂ ಓದಲು ಬಂದುವು.

ಆದರೆ ಓದುವುದು ಬೇರೆ, ತಿದ್ದುವುದು ಬೇರೆ. ತಾಯಿಯ ಪ್ರಶ್ನೆ ಓದಿನ ಮಾತಲ್ಲ. ಅದಕ್ಕೆ ಉತ್ತರ ದೊರೆತದ್ದು ಇನ್ನೊಂದು ಕಡೆ. 2008ರಲ್ಲಿ ಅಮೆರಿಕದ ವಿಜ್ಞಾನಿಗಳು 22 ಜನರ ಗೆಡ್ಡೆಗಳ ವಂಶಾಣುಗಳನ್ನೆಲ್ಲ ಶೋಧಿಸಿ, ಅವುಗಳಲ್ಲಿ ಕೆಲವಕ್ಕೆ ಐಡಿಎಚ್ 1 ಎಂಬ ವಂಶಾಣುವಿನಲ್ಲಿ ಒಂದೇ ಜಾಗದಲ್ಲಿ ಒಂದು ತಪ್ಪು ಇರುವುದನ್ನು ಕಂಡರು. ಆ ತಪ್ಪುಳ್ಳ ಗೆಡ್ಡೆಯವರು ಹೆಚ್ಚು ಕಾಲ ಬದುಕುತ್ತಾರೆಂದೂ ಅದು ಬೇರೆಯೇ ರೋಗವೆಂದೂ ತಿಳಿಯಿತು. ಲೋಕಾರೋಗ್ಯ ಸಂಸ್ಥೆಯು 2016ರಲ್ಲಿಯೂ 2021ರಲ್ಲಿಯೂ ಈ ಗೆಡ್ಡೆಗಳ ವರ್ಗೀಕರಣವನ್ನೇ ಇದಕ್ಕೆ ತಕ್ಕಂತೆ ಬದಲಾಯಿಸಿತು. ಆ ತಪ್ಪನ್ನೇ ಗುರಿಯಿಟ್ಟ ವೊರಾಸಿಡೆನಿಬ್ ಎಂಬ ಔಷಧವನ್ನು ನಿಧಾನವಾಗಿ ಬೆಳೆಯುವ ಗ್ಲಯೋಮಗಳಲ್ಲಿ ಪರೀಕ್ಷಿಸಿ 2023ರಲ್ಲಿ ಫಲವನ್ನು ಪ್ರಕಟಿಸಿದರು: ರೋಗವು ಮುಂದುವರಿಯದೆ ನಿಂತ ಕಾಲ 11.1 ತಿಂಗಳಿನಿಂದ 27.7 ತಿಂಗಳಿಗೆ ಏರಿತು. 2024ರಲ್ಲಿ ಅಮೆರಿಕದಲ್ಲಿ ಅದಕ್ಕೆ ಅನುಮತಿ ದೊರೆಯಿತು. ಆ 22 ಜನರಲ್ಲಿ ಯಾರಿಗೂ ಇದು ಒದಗಲಿಲ್ಲ. ನನ್ನ ತಮ್ಮನಿದ್ದಿದ್ದರೂ ಆತನ ಜಾತಿಯ ಗೆಡ್ಡೆಗೆ ಇದು ಔಷಧವಲ್ಲ. ಆದರೆ ತುಣುಕು ಕೊಟ್ಟದ್ದಕ್ಕೂ ಮಾತ್ರೆ ಬಂದದ್ದಕ್ಕೂ ನಡುವೆ ಹದಿನಾರು ವರ್ಷ ಎಂಬ ಲೆಕ್ಕವಂತೂ ನನ್ನ ಕೈಗೆ ಬಂದಿತು.

ಇಷ್ಟರಲ್ಲಿ ನನ್ನ ಸರದಿಯೂ ಬಂದಿತು. 2022ರಲ್ಲಿ, ನನ್ನ ಅರುವತ್ತನಾಲ್ಕನೆಯ ವಯಸ್ಸಿನಲ್ಲಿ, ಬಚ್ಚಲಿನಲ್ಲಿ ಜಾರಿಬಿದ್ದು ತಲೆಗೆ ಪೆಟ್ಟಾಯಿತು. ಪೆಟ್ಟಿನಿಂದ ಏನೂ ಆಗಿರಲಿಲ್ಲ. ಆದರೆ ಪೆಟ್ಟಿಗೆಂದು ತೆಗೆದ ಚಿತ್ರದಲ್ಲಿ ಎಡಗಿವಿಯ ಒಳಭಾಗದಲ್ಲಿ ಹುಳುಗಳ ಗೂಡಿನಂತೆ ಸುತ್ತಿಕೊಂಡ ರಕ್ತನಾಳಗಳ ಒಂದು ಗಂಟು ಕಂಡಿತು. ಇದು ಗೆಡ್ಡೆಯಲ್ಲ, ನಾಳಗಳ ರಚನೆಯ ದೋಷ. ಹಿಂದೆ ಇದನ್ನೂ ಗೆಡ್ಡೆಯೆಂದೇ ಭಾವಿಸುತ್ತಿದ್ದರು. ನರಶಸ್ತ್ರವಿದ್ಯೆಯ ಪಿತಾಮಹನೆನಿಸಿದ ಹಾರ್ವಿ ಕುಶಿಂಗನು ಬೇಯ್ಲಿಯೊಡನೆ 1928ರಲ್ಲಿ ಬರೆದ ಪುಸ್ತಕದಲ್ಲಿ ಇವೆರಡನ್ನೂ ಬೇರ್ಪಡಿಸಿ ತೋರಿಸಿದನು.

ಯಲಹಂಕದ ಕೆರೆಯ ಕೆಳಗೆ ಗದ್ದೆಯಿದ್ದ ಕಾಲವನ್ನು ಬಲ್ಲವರಿಗೆ ಈ ದೋಷವನ್ನು ತಿಳಿಸುವುದು ಸುಲಭ. ಕೆರೆಯ ನೀರು ತೂಬಿನಿಂದ ದೊಡ್ಡ ಕಾಲುವೆಗೆ, ದೊಡ್ಡದರಿಂದ ಚಿಕ್ಕದಕ್ಕೆ, ಚಿಕ್ಕದರಿಂದ ಮಡಿಮಡಿಗೆ ಹಂಚಿಹೋಗುತ್ತ ವೇಗ ಕುಗ್ಗಿ, ಕೊನೆಗೆ ಬಸಿಗಾಲುವೆಯನ್ನು ಸೌಮ್ಯವಾಗಿ ಸೇರುತ್ತದೆ. ಮೆದುಳಿನಲ್ಲಿಯೂ ಹಾಗೆಯೇ. ಹೃದಯದಿಂದ ನಿಮಿಷಕ್ಕೆ ಮುಕ್ಕಾಲು ಲೀಟರಿನಷ್ಟು ರಕ್ತ ತಲೆಗೇರಿ, ಕೂದಲಿಗಿಂತ ಸಣ್ಣ ನಾಳಗಳಲ್ಲಿ ಹಂಚಿಹೋಗಿ, ಒತ್ತಡ ಕಳೆದುಕೊಂಡು ಸಿರೆಗಳಿಗೆ ಇಳಿಯುತ್ತದೆ. ಈ ದೋಷವಿರುವಲ್ಲಿ ಸಣ್ಣ ನಾಳಗಳೇ ಇಲ್ಲ. ತೂಬಿನ ನೀರು ನೇರವಾಗಿ ಬಸಿಗಾಲುವೆಗೆ ನುಗ್ಗುತ್ತದೆ. ಬಸಿಗಾಲುವೆಯ ಬದು ತೆಳುವು. ಅದು ಎಷ್ಟೋ ವರ್ಷ ತಡೆಯಬಹುದು. ಒಂದು ದಿನ ಒಡೆಯಲೂಬಹುದು. ಒಡೆದರೆ ಅದೇ ಮೆದುಳಿನ ರಕ್ತಸ್ರಾವ.

ಶಸ್ತ್ರವೈದ್ಯರು ಈ ಗಂಟುಗಳಿಗೆ ಅಂಕ ಹಾಕುವ ಒಂದು ಕ್ರಮ 1986ರಿಂದ ಇದೆ. ಸ್ಪೆಟ್‌ಜ್ಲರ್ ಮತ್ತು ಮಾರ್ಟಿನ್ ಎಂಬವರು ಮಾಡಿದ್ದು. ಗಾತ್ರ ಮೂರು ಸೆಂಟಿಮೀಟರಿಗೆ ಕಡಮೆಯಾದರೆ ಒಂದು, ಆರರವರೆಗೆ ಎರಡು, ಮೀರಿದರೆ ಮೂರು. ಮಾತು, ಚಲನೆ, ದೃಷ್ಟಿಯಂತಹ ಮುಖ್ಯಸ್ಥಾನದಲ್ಲಿದ್ದರೆ ಇನ್ನೊಂದು. ರಕ್ತವು ಆಳದ ಸಿರೆಗೆ ಇಳಿಯುತ್ತಿದ್ದರೆ ಮತ್ತೊಂದು. ಒಟ್ಟು ಅಂಕ ಹೆಚ್ಚಿದಷ್ಟೂ ಶಸ್ತ್ರಕ್ರಿಯೆ ಅಪಾಯಕರ. ನನ್ನದು ನಾಲ್ಕು ಸೆಂಟಿಮೀಟರು, ಮಾತಿನ ಸ್ಥಾನ, ಆಳದ ಸಿರೆ. ಎರಡು, ಒಂದು, ಒಂದು: ಒಟ್ಟು ನಾಲ್ಕು. ಜೀವಮಾನವೆಲ್ಲ ಮಕ್ಕಳಿಗೆ ಅಂಕ ಹಾಕಿದವನಿಗೆ ದೊರೆತ ಅಂಕವಿದು. ಕಡಮೆಯಾಗಿದ್ದರೆ ಎಷ್ಟು ಚೆನ್ನಾಗಿತ್ತು!

ಇನ್ನು ಒಡೆಯುವ ಸಂಭವವೆಷ್ಟು? ವರ್ಷಕ್ಕೆ ನೂರರಲ್ಲಿ ಮೂರೆಂದು ಹಿಡಿದು ಲೆಕ್ಕ ಮಾಡುವುದು ಹಳೆಯ ವಾಡಿಕೆ. ಹಾಗೆ ಹಿಡಿದರೆ ಒಂದು ವರ್ಷ ಒಡೆಯದಿರುವ ಸಂಭವ 0.97. ಇನ್ನು ಹದಿನೇಳು ವರ್ಷ ಬದುಕುವೆನೆಂದುಕೊಂಡು ಅದನ್ನು ಹದಿನೇಳು ಸಲ ಗುಣಿಸಿದರೆ 0.60 ಬರುತ್ತದೆ, ಅಂದರೆ ಒಡೆಯುವ ಸಂಭವ ನೂರಕ್ಕೆ ನಲವತ್ತು. 105ರಿಂದ ವಯಸ್ಸನ್ನು ಕಳೆದರೆ ಸಾಕೆಂಬ ಒಂದು ಸುಲಭ ಸೂತ್ರವನ್ನು ವೈದ್ಯರು 1995ರಲ್ಲಿ ಕೊಟ್ಟಿದ್ದಾರೆ, ಅದರಂತೆ ನಲವತ್ತೊಂದು. ಎರಡೂ ಕೂಡಿಬಂದಾಗ ನನಗೆ ಒಂದು ನಿಮಿಷ ಸಂತೋಷವಾಯಿತು. ಮರುನಿಮಿಷ ಅದು ಯಾರ ಲೆಕ್ಕವೆಂಬುದು ನೆನಪಿಗೆ ಬಂದಿತು. ಒಮ್ಮೆಯೂ ಒಡೆಯದ ಗಂಟುಗಳಲ್ಲಿ ಈ ಪ್ರಮಾಣ ವರ್ಷಕ್ಕೆ ಎರಡರ ಸುಮಾರೆಂದು ಈಚಿನವರ ಎಣಿಕೆ, ಅಷ್ಟು ಸಮಾಧಾನ.

ನನ್ನ ಮಗನು ಶಸ್ತ್ರಕ್ರಿಯೆಯಾಗಲೇಬೇಕೆಂದನು. ಚಿಕ್ಕಪ್ಪನಿಗೆ ತಡಮಾಡಿದ ಎರಡು ತಿಂಗಳು ಆತನ ಮನಸ್ಸಿನಲ್ಲಿದ್ದುವು. ಆದರೆ ಡಾಕ್ಟರು ಆರೂಬಾ ಎಂಬ ಪರೀಕ್ಷೆಯ ಕಥೆಯನ್ನು ಹೇಳಿದರು. ಒಂಬತ್ತು ದೇಶಗಳ ಆಸ್ಪತ್ರೆಗಳು ಸೇರಿ, ಒಡೆಯದ ಗಂಟುಳ್ಳವರಲ್ಲಿ ಕೆಲವರಿಗೆ ಶಸ್ತ್ರ, ಕಿರಣ ಅಥವಾ ನಾಳವನ್ನು ಮುಚ್ಚುವ ಚಿಕಿತ್ಸೆಯನ್ನೂ, ಕೆಲವರಿಗೆ ಔಷಧವನ್ನು ಮಾತ್ರವೂ ಕೊಟ್ಟರು. ಸರಾಸರಿ 33 ತಿಂಗಳು ಕಳೆಯುವ ವೇಳೆಗೆ ಸುಮ್ಮನೆ ಬಿಟ್ಟ 109 ಜನರಲ್ಲಿ 11 ಮಂದಿಗೆ ಪಾರ್ಶ್ವವಾಯುವೋ ಮರಣವೋ ಒದಗಿತ್ತು. ಚಿಕಿತ್ಸೆಗೆ ಆರಿಸಿದ 114 ಜನರಲ್ಲಿ 35 ಮಂದಿಗೆ. ಪರೀಕ್ಷೆಯನ್ನು 2013ರಲ್ಲಿ ಅರ್ಧಕ್ಕೆ ನಿಲ್ಲಿಸಿ ಮರುವರ್ಷ ಪ್ರಕಟಿಸಿದರು. ಇದನ್ನು ಒಪ್ಪದ ಶಸ್ತ್ರವೈದ್ಯರೂ ಉಂಟು. ಕತ್ತಿಯ ಕೇಡು ಅಂದೇ ಕಾಣುತ್ತದೆ, ಕಾಯುವುದರ ಕೇಡು ವರ್ಷವರ್ಷಕ್ಕೆ ಕೂಡುತ್ತ ಹೋಗುತ್ತದೆ. 33 ತಿಂಗಳಿನಲ್ಲಿ ತೀರ್ಪು ಹೇಳಿದ್ದು ಆತುರ ಎಂಬುದು ಅವರ ವಾದ. ಅದರಲ್ಲಿ ಹುರುಳುಂಟು. ಆದರೆ ಇನ್ನೂ ಹೆಚ್ಚು ಕಾಲ ನೋಡಿ 2020ರಲ್ಲಿ ಪ್ರಕಟಿಸಿದ ಲೆಕ್ಕವೂ ಬದಲಾಗಲಿಲ್ಲ. ಇಪ್ಪತ್ತು ವರ್ಷದವನಿಗೆ, ಚಿಕ್ಕ ಗಂಟಿಗೆ, ಒಮ್ಮೆ ಒಡೆದದ್ದಕ್ಕೆ ನ್ಯಾಯ ಬೇರೆ. ಅರುವತ್ತನಾಲ್ಕರವನಿಗೆ, ಅಂಕ ನಾಲ್ಕಾದದ್ದಕ್ಕೆ, ಕೈಯಿಡದಿರುವುದೇ ಚಿಕಿತ್ಸೆ ಎಂದರು. ಗುಣವಾಗಿ ಮಾತಿಲ್ಲದೆ ಇರುವುದಕ್ಕಿಂತ, ಅಪಾಯದೊಡನೆ ಮಾತಾಡಿಕೊಂಡಿರುವುದು ನನಗೂ ಮೇಲೆನಿಸಿತು. ರಕ್ತದೊತ್ತಡಕ್ಕೆ ದಿನವೂ ಒಂದು ಮಾತ್ರೆ, ಅಷ್ಟೇ.

ಹೀಗೆ ಒಂದೇ ಮನೆಯಲ್ಲಿ ಒಬ್ಬನಿಗೆ ಒಂದು ದಿನವೂ ತಡಮಾಡಕೂಡದೆಂದರು. ಇನ್ನೊಬ್ಬನಿಗೆ ಏನೂ ಮಾಡಕೂಡದೆಂದರು. ವೈದ್ಯರಲ್ಲಿ ಧೈರ್ಯವನ್ನು ನಾವೆಲ್ಲರೂ ಮೆಚ್ಚುತ್ತೇವೆ. ಕತ್ತಿ ಹಿಡಿಯಬಲ್ಲವನು ಅದನ್ನು ಕೆಳಗಿಡುವುದು ಎಷ್ಟು ಕಷ್ಟದಿಂದ ಬಂದ ತಿಳಿವೆಂಬುದನ್ನು ನಾನು ಆಗ ಅರಿತೆನು. ಆ ತಿಳಿವೂ ಆಕಾಶದಿಂದ ಇಳಿದದ್ದಲ್ಲ. ಎರಡು ಗುಂಪಿನಲ್ಲಿ ಯಾವುದಕ್ಕೆ ಬೀಳುವೆನೆಂದು ತಿಳಿಯದೆಯೇ ಒಪ್ಪಿದ ಇನ್ನೂರಕ್ಕೂ ಮಿಕ್ಕ ಜನರು ಕೊಟ್ಟದ್ದು. ಅವರಲ್ಲಿ ಕೆಲವರಿಗೆ ನಷ್ಟವಾದದ್ದರಿಂದ ನನಗೆ ಲಾಭವಾಯಿತು. ನಾಳದ ಗಂಟು ಏಕೆ ಹುಟ್ಟುವುದೆಂಬುದಕ್ಕೂ ಹೀಗೆಯೇ ಒಂದು ಸುಳಿವು ದೊರೆತಿದೆ: 2018ರಲ್ಲಿ 72 ಜನರಿಂದ ತೆಗೆದ ಗಂಟುಗಳನ್ನು ಶೋಧಿಸಿದಾಗ 45ರಲ್ಲಿ ಕೆರಾಸ್ ಎಂಬ ವಂಶಾಣುವಿನ ತಪ್ಪು ಕಂಡಿತು. ಇದು ತಂದೆತಾಯಿಗಳಿಂದ ಬಂದ ತಪ್ಪಲ್ಲ. ಆ ಗಂಟಿನಲ್ಲಿಯೇ ಹುಟ್ಟಿದ್ದು. ತನ್ನ ಹೊಟ್ಟೆಯಲ್ಲಿಯೇ ಏನೋ ದೋಷವಿತ್ತೆಂದು ಕೊರಗುತ್ತಿದ್ದ ನಮ್ಮ ತಾಯಿಗೆ ನಾನು ಈ ವಿಷಯವನ್ನು ಎರಡು ಸಲ ಬಿಡಿಸಿ ಹೇಳಿದೆನು.

ಕಳೆದ ವರ್ಷ ನಿಮ್ಹಾನ್ಸಿನ ಮೆದುಳಿನ ವಸ್ತುಸಂಗ್ರಹಾಲಯಕ್ಕೆ ಹೋಗಿದ್ದೆನು. ಡಾ. ಎಸ್. ಕೆ. ಶಂಕರ್ ಅವರ ಶ್ರಮದಿಂದ ಬೆಳೆದದ್ದು ಅದು; ಮರಣಾನಂತರ ಮೆದುಳನ್ನು ಸಂಶೋಧನೆಗೆ ಕೊಡುವವರಿಗಾಗಿ 1995ರಿಂದ ಅಲ್ಲಿ ಒಂದು ಮೆದುಳಿನ ಭಂಡಾರವೂ ಇದೆ. ಒಂದು ಮೆದುಳನ್ನು ನನ್ನ ಕೈಗೆ ಕೊಟ್ಟರು. ಒಂದೂವರೆ ಕಿಲೋವಿಗೂ ಕಡಮೆ. ತಣ್ಣಗೆ, ಗಟ್ಟಿಯಾಗಿ, ಹೆಸರಿಲ್ಲದೆ ಇದ್ದಿತು. ಇದರಲ್ಲಿ ಯಾವ ಭಾಷೆ ಇತ್ತೋ, ಛತ್ರಿಗೆ ಏನೆನ್ನುತ್ತಿದ್ದಿತೋ ಎಂದು ಯೋಚಿಸುತ್ತ ಹಿಂದಕ್ಕೆ ಕೊಟ್ಟೆನು. ಆ ಸಂಜೆ ಮನೆಗೆ ಬಂದು, ನನ್ನ ಕಾಲವಾದ ಮೇಲೆ ನನ್ನದನ್ನೂ ಅಲ್ಲಿಗೆ ಕೊಡಬೇಕೆಂದು ನನ್ನ ಮನೆಯವಳಿಗೆ ಹೇಳಿದೆನು. ಆಕೆ, "ಅದಕ್ಕೇನ್ರೀ ಅವಸರ? ಮೊದಲು ಈ ಅವರೆಕಾಯಿ ಬಿಡಿಸಿಕೊಡಿ" ಎಂದಳು. ಕೂಡದೆಂದು ಹೇಳಲಿಲ್ಲವಷ್ಟೆ.

ತಾಯಿಗೆ ಈಗ ಎಂಬತ್ತೊಂಬತ್ತು. ಆಕೆಯ ಪ್ರಶ್ನೆಗೆ ನಾನು ಕೊಟ್ಟ ಉತ್ತರವನ್ನು ಹೇಳಿ ಮುಗಿಸುತ್ತೇನೆ. "ತಮ್ಮನಿಗೆ ಬಂದಂತಹ ರೋಗಕ್ಕೆ ಇನ್ನೂ ಮದ್ದು ಸಿಕ್ಕಿಲ್ಲಮ್ಮ. ಆದರೆ ಅವನ ಹಾಗೆ ಕೊಟ್ಟವರಿಂದ ಅದರ ಪಕ್ಕದ ರೋಗಕ್ಕೆ ಒಂದು ಮದ್ದು ಬಂದಿದೆ. ಕೊಟ್ಟ ಮೇಲೆ ಬರಲು ಹದಿನಾರು ವರ್ಷ ಹಿಡಿಯಿತು" ಎಂದೆನು.

ಆಕೆ ಬೆರಳು ಮಡಿಸಿ ಎಣಿಸಿದಳು. "ಹಾಗಾದರೆ ಅವನು ಕೊಟ್ಟದ್ದು ಬರುವುದಕ್ಕೆ ಇನ್ನೂ ಏಳೆಂಟು ವರ್ಷ ಇದೆ" ಎಂದು, ಹೂವಿನ ಕಡೆಗೆ ತಿರುಗಿಕೊಂಡಳು.